ಗಾಳಿಯಿಲ್ಲದ ಕೋಣೆ

ಶ್ರೀಶನನ್ನು ನಾನು ಮೊದಲು ನೋಡಿದಾಗ ಅವನು ಅಡಿಕೆ ಹಾಳೆಯ ಟೊಪ್ಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು, ಮರದ ಕುರ್ಚಿಯಲ್ಲಿ ಕೂತು, ಎರಡೂ ಕಾಲಿನಿಂದ ಏನನ್ನೋ ಒತ್ತುತ್ತಿದ್ದ. ಕೋಟದ ಅವರ ಮನೆಯ ಮಾಳಿಗೆ ಕೋಣೆ ಅದು. ಕೆಳಗೆ ಅವನ ತಾಯಿ ಗೋಮತಿ ಅಮ್ಮ "ಮೇಲ್ ಇದ್ದ, ಹೋಯ್ ಕಾಣ್ ಮಗಾ" ಎಂದು ಏಣಿ ತೋರಿಸಿದ್ದರು.

"ಅಮ್ಮ, ಈಗ ಮಾತಾಡ್‌ಬೇಡ. ಇಳಿಸ್ತಾ ಇದ್ದೆ," ಅಂದ, ತಲೆ ತಿರುಗಿಸದೆ.

ನಾನು ಅಮ್ಮನಲ್ಲ ಎಂದು ಹೇಳಬಹುದಿತ್ತು. ಹೇಳಲಿಲ್ಲ. ಅವನ ಕೈ ನೋಡುತ್ತಾ ಬಾಗಿಲಲ್ಲೇ ನಿಂತೆ. ಅವನ ಎದುರಿನ ಮೇಜಿಗೆ ವಿಮಾನದ್ದೇ ಸ್ಟಿಯರಿಂಗ್ ಬಿಗಿದಿತ್ತು. ಅಂಥದ್ದನ್ನು ನಾನು ಹಿಡಿಯುವುದು ಓಡಿಹೋಗುವ ಕೋಳಿಯನ್ನು ಹಿಡಿದ ಹಾಗೆ. ಅವನು ಎರಡೇ ಬೆರಳಲ್ಲಿ ಹಿಡಿದಿದ್ದ. ಉದ್ದ ಬೆರಳು, ಉಗುರಿನ ಸಂದಿಯಲ್ಲಿ ಬೆಳಗಿನ ಗಂಧ ಇನ್ನೂ ಉಳಿದಿತ್ತು. ಎದುರಿನ ದೊಡ್ಡ ಪರದೆಯಲ್ಲಿ ಬರೀ ಬೂದು ಮೋಡ, ಅದರ ಕೆಳಗೆ ಗಡಿಯಾರದಂಥ ಆರು ಮುಖಗಳು.

"ಹ್ಯಾಂಗ್ ಆಯ್ತ್?" ಕೇಳಿದ, ಟೊಪ್ಪಿ ತೆಗೆಯದೆ.

"ರನ್‌ವೇ ಬಿಟ್ಟ್ ಗದ್ದೆಗ್ ಇಳ್ದಿತ್ತ್," ಅಂದೆ.

ಆಗ ಟೊಪ್ಪಿ ಮೇಲೆ ಹೋಯಿತು. ಕನ್ನಡಕದ ಹಿಂದೆ ಎರಡು ಕಣ್ಣು, ಮೊದಲು ಗಾಬರಿ, ಆಮೇಲೆ ನಗು. ನನ್ನ ಒದ್ದೆ ಕೂದಲು ನೋಡಿದ, ಬಸ್ಸಲ್ಲಿ ಮುದ್ದೆಯಾದ ಚೂಡಿದಾರ ನೋಡಿದ, ಕೊನೆಗೆ ಪರದೆಯನ್ನೂ ನೋಡಿದ. ವಿಮಾನ ನಿಜವಾಗಿಯೂ ಗದ್ದೆಯಲ್ಲೇ ಇತ್ತು.

"ಗಾಳಿ ಜಾಸ್ತಿ ಇಟ್ಟಿದ್ದೆ," ಅಂದ ಮೆತ್ತಗೆ. "ಬಿರುಗಾಳಿ. ನೀವ್ ಮೋಕ್ಷಿತಾ ಅಲ್ದಾ?"

ಹೌದು, ನಾನು ಮೋಕ್ಷಿತಾ. ಮರವಂತೆಯ ಮೀನುಗಾರ ಬಚ್ಚನ ಮಗಳು, ಖಾರ್ವಿಯವರ ಬಚ್ಚ ಅಲ್ಲ, ಮೊಗವೀರರ ಬಚ್ಚ. ಗಂಗೊಳ್ಳಿ ಬಂದರಿನಲ್ಲಿ ಅದೇ ಹೆಸರಿನವರು ಇಬ್ಬರಿರುವುದರಿಂದ ಹೀಗೆ ಹೇಳಿಯೇ ಅಭ್ಯಾಸ. ಮಹಾರಾಷ್ಟ್ರದ ಒಂದು ಫ್ಲೈಯಿಂಗ್ ಸ್ಕೂಲಿನಲ್ಲಿ ವಿಮಾನ ಕಲಿಯುತ್ತಿದ್ದೆ. ಎಲ್ಲ ಪಾಸಾಗಿ ಒಂದು ಟೆಸ್ಟ್ ಉಳಿದಿತ್ತು. ಹೊರಗೆ ಏನೂ ಕಾಣದಿರುವಾಗ ಬರೀ ಮೀಟರುಗಳನ್ನು ನೋಡಿ ವಿಮಾನ ಇಳಿಸುವ ಟೆಸ್ಟ್. ಅದೊಂದು ಆಗದಿದ್ದರೆ ಉಳಿದದ್ದೆಲ್ಲ ಹೊಳೆಯಲ್ಲಿ ಹುಣಸೆ ಕಿವುಚಿದ ಹಾಗೆ. ಯಾವ ಏರ್‌ಲೈನೂ ಹತ್ತಿರ ಸೇರಿಸುವುದಿಲ್ಲ. ಮೇ ತಿಂಗಳಲ್ಲಿ ಅದರಲ್ಲಿ ಫೇಲಾಗಿದ್ದೆ. ಮಳೆಗೆ ಸ್ಕೂಲಿನ ಹಾರಾಟ ನಿಂತಾಗ ನಮ್ಮ ಮೇಷ್ಟ್ರು, "ನಿಮ್ಮ ಊರ ಕಡೆಯವನೇ ಒಬ್ಬ ಇದ್ದಾನೆ, ನನ್ನ ಒಳ್ಳೆಯ ಸ್ಟೂಡೆಂಟ್, ಮನೆಯಲ್ಲೇ ಸಿಮ್ಯುಲೇಟರ್ ಕಟ್ಟಿಕೊಂಡಿದ್ದಾನೆ" ಎಂದು ನಂಬರ್ ಕೊಟ್ಟಿದ್ದರು.

ಅವನ ಕತೆಯನ್ನು ಅವನೇ ಮೊದಲ ದಿನ ಹೇಳಿದ, ನಗುತ್ತಲೇ. ಲೈಸೆನ್ಸ್ ಸಿಕ್ಕಿದ ವರ್ಷವೇ ಒಳಕಿವಿಯ ತೊಂದರೆ ಶುರುವಾಯಿತು. ನಿಂತಲ್ಲೇ ತಲೆ ತಿರುಗುವುದು. ಮೆಡಿಕಲ್ ಬೋರ್ಡು ಇನ್ನು ಹಾರುವ ಹಾಗಿಲ್ಲ ಎಂದಿತು. ಈಗ ಅಪ್ಪನ ಜೊತೆ ಸಾಲಿಗ್ರಾಮದ ಒಂದು ದೇವಸ್ಥಾನದ ಪೂಜೆ, ಸ್ವಲ್ಪ ಗದ್ದೆ, ಉಳಿದ ಹೊತ್ತು ಈ ಕೋಣೆ.

"ಬೇಜಾರಿಲ್ವಾ?" ಕೇಳಿದೆ.

"ಛೆ ಛೆ. ಇಲ್ಲೇ ಹಾರ್ತೆ ಅಲ್ದಾ," ಅಂದ. ನಾನು ಅದನ್ನು ನಂಬಿದೆ.

ಮೋಡದೊಳಗೆ ಹೋದವರ ಮೈ ಸುಳ್ಳು ಹೇಳುತ್ತದೆ. ವಿಮಾನ ಸಮ ಇದ್ದರೂ ವಾಲಿದ ಹಾಗೆ ಅನಿಸುತ್ತದೆ. ನಿಜವಾಗಿ ವಾಲಿದಾಗ ಏನೂ ಅನಿಸುವುದಿಲ್ಲ. ಆಗ ಎದುರಿನ ಮುಳ್ಳುಗಳನ್ನೇ ನಂಬಬೇಕು. ಇಳಿಯುವಾಗ ಎರಡು ಮುಳ್ಳು ಮುಖ್ಯ: ನಿಂತದ್ದು ಎಡ ಬಲ ಹೇಳುತ್ತದೆ, ಮಲಗಿದ್ದು ಮೇಲೆ ಕೆಳಗೆ ಹೇಳುತ್ತದೆ. ಎರಡೂ ನಡುವೆ ಕೂಡಿ ನಿಂತರೆ ನೀನು ರನ್‌ವೇಯ ದಾರಿಯಲ್ಲಿದ್ದೀ. ಹೇಳಲು ಇಷ್ಟೇ. ಮಾಡಲು ಹೋದರೆ ಬೆವರು ಕಿತ್ತು ಬರುತ್ತದೆ.

ನನಗೂ ಒಂದು ಹಾಳೆ ಟೊಪ್ಪಿ ಬಂತು. ಸ್ಕೂಲಿನಲ್ಲಿ ಇದಕ್ಕೆಂದೇ ಪ್ಲಾಸ್ಟಿಕ್ಕಿನ ಮರೆ ಇರುತ್ತದೆ. ಹೊರಗೆ ಕಾಣಬಾರದು, ಮೀಟರು ಮಾತ್ರ ಕಾಣಬೇಕು. ಶ್ರೀಶ ತನ್ನ ತೋಟದ ಹಾಳೆ ನೆನೆಸಿ, ಮಡಚಿ, ಹೊಲಿದು ಕೊಟ್ಟ.

"ಹೀಂಗೆ," ಎಂದು ನನ್ನ ತಲೆಗೆ ಅದನ್ನು ಇಟ್ಟು ಹಣೆಯ ಮೇಲೆ ಎಳೆದ. ಬೆರಳು ಹುಬ್ಬಿಗೆ ತಾಗಿತು. ತಾಗಿದ್ದು ಗೊತ್ತಾಗಿ ಕೈ ಹಿಂದೆ ತೆಗೆದ, ಬೇಕೆಂದೇ ಸ್ವಲ್ಪ ನಿಧಾನವಾಗಿ. ನಾನು ಮೀಟರು ನೋಡುತ್ತಿದ್ದೆ. ಒಂದೂ ಕಾಣಲಿಲ್ಲ.

"ಗದ್ದೆ ನಟ್ಟಿಗ್ ಹೊರಟವಳ ಹಾಂಗ್ ಕಾಣ್ತೆ," ಅಂದ.

"ನಮ್ಮನೇಲಿ ಯಾರೂ ನಟ್ಟಿ ಮಾಡುದಿಲ್ಲ. ಮೀನ್ ಮಾರೂಕೆ ಹೊರಟವಳ ಹಾಂಗ್ ಅಂದೇಳ್."

ಅವನು ನಕ್ಕ. ನೀವು ಹೋಗಿ ನೀನು ಆದದ್ದು ಆ ದಿನವೇ.

ಅವನು ಪಕ್ಕದಲ್ಲಿ ಇನ್ನೊಂದು ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರುತ್ತಿದ್ದ. ಮೋಡ, ಮಳೆ, ಗಾಳಿ ಎಲ್ಲ ಅದರಿಂದಲೇ ಇಡುವುದು. ನನಗೆ ಅದು ಕಾಣುತ್ತಿರಲಿಲ್ಲ, ಕಾಣಬಾರದು ಕೂಡ. ಮೊದಲ ವಾರ ಎದ್ದುಬಿದ್ದು ಹೇಗೋ ಇಳಿಸುತ್ತಿದ್ದೆ. ಆಮೇಲೆ ಮುಳ್ಳುಗಳು ನನ್ನ ಮಾತು ಕೇಳತೊಡಗಿದವು. ಪ್ರತಿ ಸಲ ಟೊಪ್ಪಿ ತೆಗೆದಾಗ ಎದುರಿಗೆ ನೇರ ರನ್‌ವೇ, ಪಕ್ಕದಲ್ಲಿ ಅವನ ಮುಖ.

"ಚಂದ ಆಯ್ತ್," ಅನ್ನುತ್ತಿದ್ದ. "ಇವತ್ತ್ ಗಾಳಿ ಜೋರ್ ಇಟ್ಟಿದ್ದೆ. ಆದ್ರೂ ಎಷ್ಟ್ ಚಂದ ಮಾಡಿದೆ ಕಾಣ್."

ಆ ಮಾತು ಕೇಳಲೆಂದೇ ನಾನು ಮರವಂತೆಯಿಂದ ಕುಂದಾಪುರಕ್ಕೆ ಒಂದು ಬಸ್ಸು, ಅಲ್ಲಿಂದ ಕೋಟಕ್ಕೆ ಇನ್ನೊಂದು ಬಸ್ಸು ಹತ್ತುತ್ತಿದ್ದೆ ಎಂದು ಈಗ ಹೇಳಲು ನಾಚಿಕೆಯಿಲ್ಲ.

ಅವರ ಮನೆಯಲ್ಲಿ ಕೆಟ್ಟ ಮಾತು ಆಡುವುದೇ ಇಲ್ಲ. ಬೈಗುಳದ ವಿಷಯ ಅಲ್ಲ ಹೇಳಿದ್ದು. ಒಂದು ದಿನ ಗೋಮತಿ ಅಮ್ಮ ಒಳಗಿನಿಂದ "ಅಕ್ಕಿ ತುಂಬಿತ್ತ್, ಪೇಟೆಯಿಂದ ತರ್ಕ್" ಅಂದರು. ತುಂಬಿದರೆ ತರುವುದು ಯಾಕೆ ಎಂದು ನಾನು ಕಣ್ಣು ಬಿಟ್ಟೆ. ಮುಗಿಯಿತು ಎನ್ನಬಾರದಂತೆ. ದೀಪ ಆರಿಸು ಎನ್ನಬಾರದು, ದೊಡ್ಡ ಮಾಡು ಎನ್ನಬೇಕು. ಬಳೆ ಒಡೆಯಿತು ಎನ್ನಬಾರದು. ಶ್ರೀಶ ಇದನ್ನೆಲ್ಲ ವಿವರಿಸಿ, "ಬಾಯಲ್ಲಿ ಬಂದದ್ದ್ ಆಯಿಬಿಡ್ತ್ ಅಂದೇಳಿ ಹೆದ್ರಿಕೆ ಅಮ್ಮಂಗೆ" ಎಂದು ನಕ್ಕ. ಆಗ ನನಗೆ ಹೊಳೆಯಿತು: ಮೊದಲ ವಾರ ನಾನೂ ಗದ್ದೆಗೆ ಇಳಿಸಿದಾಗ ಅವನು 'ಬಿತ್ತು' ಎಂದು ಹೇಳಿರಲಿಲ್ಲ. "ಇನ್ನೊಂದ್ ಸಲ ಕಾಂಬ" ಎಂದಿದ್ದ. ಎಷ್ಟು ಒಳ್ಳೆಯ ಮನೆ ಎಂದುಕೊಂಡೆ.

ನಮ್ಮ ಮನೆ ಬೇರೆ ತರಹ. ಬೋಟಿನಲ್ಲಿ ಹಗ್ಗ ಸರಿಯಾಗಿ ಹಿಡಿಯದವನಿಗೆ ಅಪ್ಪಯ್ಯ ಬೈಯುವುದು ಕೇಳಿದರೆ ಬೇರೆಯವರು ಕಿವಿ ಮುಚ್ಚಬೇಕು. ಬೈದ ಮೇಲೆ ಅವನಿಗೇ ಮೊದಲು ಗಂಜಿ ಬಡಿಸುವುದು. ಮೀನುಗಾರಿಕೆಗೆ ರಜೆ ಇರುವ ಆ ತಿಂಗಳು ಅಪ್ಪಯ್ಯ ಜಗಲಿಯಲ್ಲಿ ಬಲೆ ಹರಡಿಕೊಂಡು ಕೂತಿದ್ದರು.

"ಮಗಾ, ಆ ಕೋಟದ ಅಡಿಗ್ರ ಮಾಣಿ ಹ್ಯಾಂಗ್ ಕಲ್ಸ್‌ತಾ?"

"ಚಂದ ಕಲ್ಸ್‌ತಾ ಅಪ್ಪಯ್ಯ."

"ಬೈತ್ನಾ?"

"ಒಂದಿನನೂ ಬಯ್ಲಿಲ್ಲ."

"ಹಾಂಗಾರೆ ಎಂತ ಕಲ್ಸುದ್ ಅವ?" ಎಂದು ಬಲೆಗೆ ಗಂಟು ಹಾಕಿದರು. ಅಮ್ಮ ಒಳಗಿನಿಂದ ನನ್ನನ್ನೇ ನೋಡುತ್ತಿದ್ದಳು. ನಾನು ಮುಖ ತೊಳೆಯುವ ನೆಪದಲ್ಲಿ ಬಾವಿಕಟ್ಟೆಗೆ ಹೋದೆ.

ಒಂದು ಸಂಜೆ ಬಸ್ಸು ಬರಲೇ ಇಲ್ಲ. ಶ್ರೀಶ ಕುಂದಾಪುರದವರೆಗೆ ಸ್ಕೂಟರಿನಲ್ಲಿ ಬಿಡುತ್ತೇನೆ ಎಂದ. ತೆಕ್ಕಟ್ಟೆ ದಾಟುವಾಗ ಮಳೆ ಹೊಡೆಯಿತು. ಅವನ ಕನ್ನಡಕದ ಮೇಲೆ ನೀರು, ಒರೆಸಿದರೆ ಮತ್ತೆ ನೀರು.

"ನಂಗ್ ಎಂತ ಕಾಣ್ತಿಲ್ಲೆ ಮಾರಾಯ್ತಿ."

"ನಿಧಾನ ಹೋಗ್. ನಾ ಹೇಳ್ತೆ," ಅಂದೆ. ಅವನ ಹೆಗಲ ಮೇಲೆ ಗಲ್ಲ ಇಟ್ಟು, ಕಂಟ್ರೋಲ್ ಟವರಿನವರ ಹಾಗೆ ಶುರುಮಾಡಿದೆ. "ಎಡ. ಸ್ವಲ್ಪ ಎಡ. ಸಾಕ್. ನೇರ. ಎದ್ರು ಲಾರಿ, ಎಡಕ್ಕೇ ಇರ್."

"ಎಡಕ್ಕೇ ಇದ್ದೆ," ಎಂದು ಅವನು ಪೈಲಟ್ಟಿನ ಹಾಗೆ ತಿರುಗಿ ಹೇಳುತ್ತಿದ್ದ. ಪ್ರತಿ ಸಲ ಹೇಳುವಾಗ ಕೆನ್ನೆ ನನ್ನ ಕೆನ್ನೆಗೆ ತಾಗುತ್ತಿತ್ತು. ಆ ರಸ್ತೆ ಕುಂದಾಪುರಕ್ಕೆ ಮುಗಿಯದೆ ಕಾರವಾರದವರೆಗೂ ಹೋಗಲಿ ಎಂದು ಬಯಸಿದೆ.

ಕುಂದಾಪುರದ ಶಾಸ್ತ್ರಿ ಸರ್ಕಲ್ಲಿನ ಹತ್ತಿರ ಒಂದು ಅಂಗಡಿಯ ಮಾಡಿನ ಕೆಳಗೆ ನಿಂತೆವು. ಇಬ್ಬರೂ ಒದ್ದೆ ಮುದ್ದೆ. ಅವನು ಕನ್ನಡಕ ತೆಗೆದಿದ್ದ. ಕನ್ನಡಕವಿಲ್ಲದೆ ಅವನ ಕಣ್ಣು ಇನ್ನೂ ಚಿಕ್ಕ ಹುಡುಗನದ್ದು. ನಾನೇ ದುಪ್ಪಟ್ಟಾ ಹಿಂಡಿ ಗಾಜು ಒರೆಸಿ ಮೂಗಿನ ಮೇಲೆ ಇಟ್ಟೆ.

"ಈಗ ಕಾಣ್ತಾ?"

"ಈಗ ಬರೀ ನೀ ಕಾಣ್ತೆ," ಅಂದ.

ಅಷ್ಟು ಕೇಳಿದರೆ ಸಾಕಿತ್ತು ನನಗೆ. ಆದರೆ ನಾನು ಮೊಗವೀರರ ಹುಡುಗಿ, ಅವನು ದೇವಸ್ಥಾನದ ಪೂಜೆಯ ಮನೆಯವನು. ಎಷ್ಟು ದಿನ ಕಣ್ಣಾಮುಚ್ಚಾಲೆ ಆಡುವುದು? ನೇರ ಕೇಳಿದೆ. "ಅಮ್ಮಂಗ್ ಹೇಳಿದ್ಯಾ, ನನ್ನ ವಿಷ್ಯ?"

"ಹೇಳಿದೆ," ಅಂದ. "ಖುಷಿ ಆಯ್ತ್ ಅವ್ರಿಗೆ."

ಆ ರಾತ್ರಿ ನಾನು ಊಟ ಮಾಡಿದೆನೋ ಇಲ್ಲವೋ ನೆನಪಿಲ್ಲ.

ಆಗಸ್ಟ್ ಕೊನೆಯಲ್ಲಿ ಟೆಸ್ಟ್ ಬಂತು, ಸ್ಕೂಲಿಗೆ ತಿರುಗಿ ಹೋದೆ. ಅದಕ್ಕೆ ಮೊದಲು ಸ್ಕೂಲಿನಲ್ಲಿ ಅಭ್ಯಾಸಕ್ಕೆ ಸಿಕ್ಕಿದ ಬೆಳಗುಗಳೆಲ್ಲ ಗಾಳಿ ನಿಂತ ಬೆಳಗುಗಳು. ಮೇಷ್ಟ್ರಿಗೂ ಖುಷಿಯಾಗಿತ್ತು. ಟೆಸ್ಟಿನ ದಿನ ಮಾತ್ರ ನಿಜವಾದ ಮೋಡ ಇತ್ತು, ಬಲದಿಂದ ಗಾಳಿ ಇತ್ತು.

ಇಳಿಯಲು ಶುರುಮಾಡಿದ ಸ್ವಲ್ಪ ಹೊತ್ತಿಗೆ ನಿಂತ ಮುಳ್ಳು ಬಲಕ್ಕೆ ಸರಿಯಿತು. ಅಂದರೆ ಗಾಳಿ ನನ್ನನ್ನು ಎಡಕ್ಕೆ ತಳ್ಳುತ್ತಿದೆ. ಮೂಗನ್ನು ಬಲಕ್ಕೆ ತಿರುಗಿಸಿದೆ, ಮುಳ್ಳು ನಡುವೆ ಬಂತು, ಮೂಗು ನೇರ ಮಾಡಿದೆ. ಕೋಟದ ಕೋಣೆಯಲ್ಲಿ ನೂರು ಸಲ ಹೀಗೆಯೇ ಮಾಡಿದ್ದು. ಅಲ್ಲಿ ಮುಳ್ಳು ನಡುವೆ ಬಂದರೆ ಅಲ್ಲೇ ಇರುತ್ತಿತ್ತು. ಇಲ್ಲಿ ಮತ್ತೆ ಸರಿಯಿತು. ಮತ್ತೆ ತಂದೆ, ಮತ್ತೆ ಸರಿಯಿತು, ಈ ಸಲ ಇನ್ನೂ ದೂರ. ಮುಳ್ಳಿನ ಹಿಂದೆ ಓಡುತ್ತಾ ಓಡುತ್ತಾ ಎತ್ತರ ಮರೆತೆ. ಪಕ್ಕದಲ್ಲಿದ್ದ ಪರೀಕ್ಷಕರು ಸ್ವಲ್ಪವೂ ದನಿ ಏರಿಸದೆ "ಐ ಹ್ಯಾವ್ ಕಂಟ್ರೋಲ್" ಅಂದರು. ಆ ಮಾತಿಗೆ ಕೈ ಬಿಡಬೇಕು. ಬಿಟ್ಟೆ. ಕಿಟಕಿಯಲ್ಲಿ ಮೋಡ ಹರಿದಾಗ ರನ್‌ವೇ ಎಲ್ಲೋ ಬಲಗಡೆ, ಕೆಳಗೆ ಒಂದು ಕಬ್ಬಿನ ಗದ್ದೆ.

"ಯಾರು ಕಲಿಸಿದರು ನಿನಗೆ ಹೀಗೆ?" ಎಂದಷ್ಟೇ ಕೇಳಿದರು ಇಳಿದ ಮೇಲೆ. "ಮೂಗನ್ನು ಗಾಳಿಗೆ ಕೊಟ್ಟು ಹಾಗೆಯೇ ಹಿಡಿದಿಟ್ಟುಕೊಳ್ಳಬೇಕು. ಇದು ಮೊದಲ ಪಾಠ." ಮೇಷ್ಟ್ರು ನನ್ನ ಮುಖ ನೋಡಲಿಲ್ಲ. ಇನ್ನೊಂದು ಸಲ ಅವಕಾಶ ಕೊಡಿಸುತ್ತೇನೆ, ಅದೇ ಕೊನೆ ಎಂದರು.

ಶ್ರೀಶನಿಗೆ ಫೋನ್ ಮಾಡಿ ಅತ್ತೆ. "ನೀ ಚಂದವೇ ಮಾಡಿದ್ದೆ, ಆ ಪರೀಕ್ಷಕರದ್ದೇ ಎಂತೋ ಸಮ ಇಲ್ಲ" ಅಂದ. ಆ ಹೊತ್ತಿಗೆ ಅದೂ ಹಿತವಾಯಿತು.

ಊರಿಗೆ ಬಂದ ಮರುದಿನವೇ ಕೋಟಕ್ಕೆ ಹೋದೆ. ಮಧ್ಯಾಹ್ನ, ಮಳೆ ಬಿಟ್ಟಿತ್ತು. ಟೊಪ್ಪಿ ಎಳೆದುಕೊಂಡು ಕೂತು, "ಅವತ್ತಿನ ಗಾಳಿಯನ್ನೇ ಇಡ್. ಬಲದಿಂದ. ಜೋರು," ಅಂದೆ.

"ಇಟ್ಟೆ," ಅಂದ.

ಮೂಗನ್ನು ಬಲಕ್ಕೆ ಕೊಟ್ಟು ಹಾಗೆಯೇ ಹಿಡಿದೆ, ಪರೀಕ್ಷಕರು ಹೇಳಿದ ಹಾಗೆ. ಗಾಳಿ ಇದ್ದಿದ್ದರೆ ಮುಳ್ಳು ನಡುವೆ ನಿಲ್ಲಬೇಕಿತ್ತು. ಅದು ಮೆಲ್ಲ ಎಡಕ್ಕೆ ಹೊರಟಿತು. ನಾನು ಬಲಕ್ಕೆ ಹೋಗುತ್ತಿದ್ದೆ, ನನ್ನನ್ನು ಯಾವ ಗಾಳಿಯೂ ತಡೆಯುತ್ತಿರಲಿಲ್ಲ.

ಕೈ ಬಿಟ್ಟೆ. ಟೊಪ್ಪಿ ತೆಗೆದು ಪಕ್ಕದ ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದೆ. ಗಾಳಿ ಇರಬೇಕಾದ ಜಾಗದಲ್ಲಿ ಸೊನ್ನೆ ಇತ್ತು.

"ಇವತ್ತೊಂದೇ ದಿನವಾ?" ಕೇಳಿದೆ.

ಅವನು ಅದನ್ನು ಮತ್ತೆ ತನ್ನ ಕಡೆಗೆ ತಿರುಗಿಸಿಕೊಳ್ಳಲು ಹೋದ.

"ಹ್ವಾಯ್, ಕೇಳಿದ್ದ್ ನಿಮ್ಮತ್ರ. ಇವತ್ತೊಂದೇ ದಿನವಾ?"

"ಮೊದ್ಲನೇ ವಾರ ಇಟ್ಟಿದ್ದೆ," ಅಂದ. "ನೀ ಬೀಳ್ತಿದ್ದೆ. ನಿನ್ನ ಮುಖ ಸಣ್ಣ ಆಪುದ್ ಕಾಂಬುಕೆ ಆಯ್ಲಿಲ್ಲ ನಂಗೆ. ಒಂದಿನ ತೆಗ್ದೆ, ನೀ ನಗಾಡಿದೆ. ಮತ್ತೆ ಇಡೂಕೆ ಮನಸ್ಸೇ ಬರ್ಲಿಲ್ಲ."

ನನ್ನ ಎರಡು ತಿಂಗಳು ಹಾಗೆ ಹೋಯಿತು. ನಾನು ಕಲಿತೆ ಎಂದುಕೊಂಡದ್ದೆಲ್ಲ ಅವನು ನನಗೆ ತಿನ್ನಿಸಿದ ಬೆಲ್ಲ. ಮೇ ತಿಂಗಳವರೆಗೆ ಕಲಿತದ್ದನ್ನೂ ಆ ಕೋಣೆ ಮರೆಸಿಬಿಟ್ಟಿತ್ತು. ಸಿಟ್ಟಿಗೆ ಕಿವಿ ಬಿಸಿಯಾಯಿತು. ಆ ಸಿಟ್ಟಿನ ನಡುವೆಯೇ ಇನ್ನೊಂದು ಪ್ರಶ್ನೆ ಬಂತು, ಅದು ಬರಬಾರದಿತ್ತು.

"ಅಮ್ಮಂಗ್ ನನ್ನ ವಿಷ್ಯ ಹೇಳಿದ್ದ್?"

ಕೆಳಗೆ ಗೋಮತಿ ಅಮ್ಮ ಯಾರೊಡನೆಯೋ ಫೋನಿನಲ್ಲಿ ನಗುತ್ತಾ ಮಾತಾಡುತ್ತಿದ್ದರು. ಶ್ರೀಶ ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿದ. ಅದರಲ್ಲಿ ಒರೆಸುವಂಥದ್ದು ಏನೂ ಇರಲಿಲ್ಲ.

"ಹೇಳ್ತೆ," ಅಂದ. "ಹೇಳೂಕೆ ಒಂದು ಒಳ್ಳೆ ಹೊತ್ತ್ ಕಾಯ್ತಾ ಇದ್ದೆ. ಮೋಕ್ಷಿ, ನಂಗ್ ನೀ ಅಂದ್ರೆ ಜೀವ. ಅದ್ ಸುಳ್ಳಲ್ಲ."

ಎಷ್ಟು ಕಾಲದಿಂದ ಕಾದ ಮಾತು ಅದು. ಬಸ್ಸಿನ ಕಿಟಕಿಯಲ್ಲಿ, ಬಾವಿಕಟ್ಟೆಯಲ್ಲಿ, ಹಾಸ್ಟೆಲಿನ ಮಂಚದಲ್ಲಿ ಅವನ ದನಿಯಲ್ಲೇ ಅದನ್ನು ಕೇಳಿಸಿಕೊಂಡಿದ್ದೆ. ಈಗ ನಿಜವಾಗಿ ಬಂದಾಗ ಅವನ ಮುಖ ನೋಡಿದೆ. ಅದೇ ಮೆತ್ತಗಿನ ನಗು, ಅದೇ ಕಣ್ಣು, 'ಚಂದ ಆಯ್ತ್' ಎನ್ನುವಾಗ ಇರುತ್ತಿದ್ದ ಅದೇ ಮುಖ. ನಂಬಬೇಕು ಎಂದು ಎಷ್ಟು ಆಸೆಯಾಯಿತೋ ಅಷ್ಟೇ ನಂಬಲು ಆಗಲಿಲ್ಲ.

"ನನ್ನ ಬಗ್ಗೆ ಒಂದು ಕೆಟ್ಟ ಮಾತು ಹೇಳ್," ಅಂದೆ.

"ಎಂತಕ್ಕೆ?"

"ಹೇಳ್. ಒಂದೇ ಒಂದ್. ಇಷ್ಟ್ ದಿನ ಒಟ್ಟಿಗ್ ಕೂಕಂಡಿದ್ದೆ. ಎಂತೂ ಇಲ್ಯಾ?"

ಅವನು ಕನ್ನಡಕವನ್ನು ಮತ್ತೆ ಮೂಗಿಗೇರಿಸಿದ. ಏನೂ ಇಲ್ಲ ಎನ್ನುತ್ತಾನೆ ಎಂದುಕೊಂಡೆ. ಹಾಗೆ ಅಂದಿದ್ದರೆ ನಾನು ಚಪ್ಪಲಿ ಹಾಕಿಕೊಂಡು ಹೋಗಿ, ನಾಲ್ಕು ದಿನ ಅತ್ತು, ಐದನೆಯ ದಿನ ತಿರುಗಿ ಬರುತ್ತಿದ್ದೆನೋ ಏನೋ.

"ನೀ ಪಾಸ್ ಆಪುದ್ ನಂಗ್ ಬೇಡ ಇತ್ತು," ಅಂದ.

ನಗು ಹೋಗಿತ್ತು. ಬಾಯಿ ಒಂದು ಬದಿಗೆ ಎಳೆದುಕೊಂಡಿತ್ತು. ಆ ಮುಖವನ್ನು ನಾನು ಅಲ್ಲಿಯವರೆಗೆ ನೋಡಿಯೇ ಇರಲಿಲ್ಲ.

"ಪಾಸಾರೆ ನೀ ಹೋತೆ. ದಿಲ್ಲಿಯೋ ಕೋಲ್ಕತ್ತಾವೋ. ನಾ ಈ ಕೋಣೇಲಿ ಕೂಕಂಡ್ ನಿನ್ನ ಯೂನಿಫಾರ್ಮಿನ ಫೋಟೊ ಕಾಂಬುದ್. ನಂಗೆ ಸಿಗದ್ದ್ ನಿಂಗ್ ಸಿಕ್ಕುದ್ ಕಾಂಬುದ್. ಗಾಳಿ ತೆಗ್ದದ್ದ್ ನಿನ್ನ ಮುಖ ಸಣ್ಣ ಆಪುದ್ಕೆ ಮಾತ್ರ ಅಲ್ಲ. ಇವಳ್ ಬೀಳ್ಲಿ, ಇಲ್ಲೇ ಉಳೀಲಿ ಅಂದೇಳಿ ಅನ್ಸ್‌ತಿತ್ತ್. ದಿನಾ ಅಲ್ಲ. ಒಂದೊಂದ್ ದಿನ."

ಇದನ್ನು ನಂಬಿದೆ. ಒಂದು ಅಕ್ಷರ ಬಿಡದೆ ನಂಬಿದೆ. ಅವನನ್ನು ಅಷ್ಟು ಪ್ರೀತಿಸಿದ್ದು ಅದಕ್ಕೆ ಮೊದಲು ಇಲ್ಲ, ಆಮೇಲೂ ಇಲ್ಲ. ಹಾರಲು ಆಗದವನ ಹೊಟ್ಟೆಯುರಿ ನನಗೆ ಅರ್ಥವಾಗದ್ದಲ್ಲ. ಮೊದಲ ವಾರವೇ ಇದನ್ನು ಹೇಳಿದ್ದರೆ ಬಾಯಿಗೆ ಬಂದ ಹಾಗೆ ಬೈದು, ಮರುದಿನದ ಬಸ್ಸಿಗೇ ಬರುತ್ತಿದ್ದೆ. ನಮ್ಮ ಮನೆಯಲ್ಲಿ ಹಾಗೆಯೇ ಬದುಕುವುದು. ಆದರೆ ನಾನು ಬೀಳಲಿ ಎಂದು ಬಯಸಿಕೊಂಡೇ ಚಂದ ಆಯ್ತು ಎಂದವನ ಪಕ್ಕದಲ್ಲಿ ಇನ್ನು ಕಣ್ಣಿಗೆ ಮರೆ ಕಟ್ಟಿಕೊಂಡು ಕೂರುವುದು ನನ್ನಿಂದಾಗದು. ಅದು ಅವನಿಗೂ ಗೊತ್ತಾಯಿತು.

"ಗಾಳಿ ಇಡ್," ಅಂದೆ. "ಎಷ್ಟ್ ಇತ್ತೋ ಅಷ್ಟ್."

ಇಟ್ಟ. ಮೊದಲನೆಯ ಸಲ ರನ್‌ವೇಯ ಹೊರಗೆ ಬಿದ್ದೆ.

"ಬಿತ್ತ್," ಅಂದ ಶ್ರೀಶ. ದನಿ ಗಟ್ಟಿಯಾಗಿತ್ತು. "ನಿನ್ನದೇ ತಪ್ಪ್. ಗಾಳಿ ಬಲದಿಂದ ಇತ್ತ್, ನೀ ಮೂಗ್ ನೇರ ಮಾಡಿದೆ. ಮಾಡೂಕಾಗ. ತಿರ್ಗಿ ಕಾಂಬ."

ಎರಡನೆಯ ಸಲವೂ ಬಿದ್ದೆ. "ಹೆದ್ರಿಕಂಡ್ ಹಿಡ್ದಿದ್ದೆ. ನೀ ಯಾವಾಗ್ಲೂ ಹೆದ್ರಿಕಂಡೇ ಹಿಡಿವುದ್, ಮೊದ್ಲ ದಿನದಿಂದ ಕಾಣ್ತಾ ಇದ್ದೆ. ಬೆರಳ್ ಸಡ್ಲ ಬಿಡ್." ಹಾಗೆ ಸಂಜೆಯವರೆಗೆ. ಗೋಮತಿ ಅಮ್ಮ ಕಾಫಿ ಹಿಡಿದು ಮೇಲೆ ಬಂದವರು ಅವನ ಮಾತು ಕೇಳಿ ಬಾಗಿಲಲ್ಲೇ ನಿಂತು, ಲೋಟ ಇಟ್ಟು ಇಳಿದು ಹೋದರು. ಅವನು ಕಲಿಸುತ್ತಿದ್ದ, ನಾನು ಕಲಿಯುತ್ತಿದ್ದೆ, ಟೊಪ್ಪಿಯ ಕೆಳಗೆ ನನ್ನ ಕಣ್ಣಿಂದ ನೀರು ಇಳಿಯುತ್ತಿತ್ತು. ಕೊನೆಯ ಸಲ ಎರಡೂ ಮುಳ್ಳು ನಡುವೆ ಕೂಡಿ, ನಡುಗುತ್ತಾ, ಕೆಳಗಿನವರೆಗೂ ಹಾಗೆಯೇ ನಿಂತವು. ಅವನು ಲ್ಯಾಪ್‌ಟಾಪ್ ಮುಚ್ಚಿದ. ನಾನು ಬ್ಯಾಗ್ ಹೆಗಲಿಗೆ ಹಾಕಿಕೊಂಡೆ.

ಏಣಿ ಇಳಿಯುವಾಗ ಅವನು ಹಿಂದೆ ಬರಲಿಲ್ಲ. ಬಂದಿದ್ದರೆ ನಿಲ್ಲುತ್ತಿದ್ದೆ ಎಂಬ ಹೆದರಿಕೆಗೆ ಬೇಗ ಬೇಗ ಇಳಿದೆ.

ನವರಾತ್ರಿ ಕಳೆದ ಮೇಲೆ ಕೊನೆಯ ಟೆಸ್ಟ್ ಆಯಿತು. ಎಡದಿಂದ ಗಾಳಿ, ರನ್‌ವೇ ಕಾಣುವವರೆಗೂ ಬಿಳಿ ಮೋಡ. ಪಾಸಾದೆ. ಎರಡು ತಿಂಗಳು ಕಲಿತದ್ದರಿಂದ ಅಲ್ಲ, ಆ ಒಂದು ಮಧ್ಯಾಹ್ನ ಕಲಿತದ್ದರಿಂದ. ಅಪ್ಪಯ್ಯ ಫೋನಿನಲ್ಲಿ ಇಡೀ ಬಂದರಿಗೆ ಕೇಳುವ ಹಾಗೆ ಕೂಗಿದರು. ಅಮ್ಮ ಅತ್ತಳು. ಮೇಷ್ಟ್ರು, "ಶ್ರೀಶನಿಗೆ ಹೇಳಿದೆಯಾ? ಪಾಪ, ನಿನಗಾಗಿ ಎಷ್ಟು ಕಷ್ಟಪಟ್ಟ" ಅಂದರು.

ಹೇಳಿಲ್ಲ. ಹೇಳಿದರೆ ಅವನು ಖುಷಿ ಆಯ್ತು ಎನ್ನುತ್ತಾನೆ. ಅದು ನಿಜವೂ ಇದ್ದೀತು. ಆದರೆ ಅದು ನಿಜವೋ ಅಲ್ಲವೋ ಎಂದು ತಿಳಿಯುವುದಕ್ಕೆ ನನ್ನ ಹತ್ತಿರ ಯಾವ ಮುಳ್ಳೂ ಇಲ್ಲ.